ಹಳ್ಯಾಗ ನಾಯಿ, ಬೆಕ್ಕಿಗೆ ಹುಷಾರಿಲ್ಲಂದ್ರ ಎಲ್ಲಿಗೆ ಒಯ್ಯೂದ್ರಿ? ಹುಬ್ಬಳ್ಳಿ, ಗದಗ, ಹಾವೇರಿ ಕಡೆಯವ್ರು ಹೇಳ್ರಿ

ಬೆಣ್ಣಿಹಳ್ಳದ ದಂಡಿ:
ಎಲ್ಲಾರಿಗೂ ನಮಸ್ಕಾರ್ರಿ. ಕುಂದಗೋಳ ತಾಲೂಕಿನ ಒಂದು ಸಣ್ಣ ಹಳ್ಳಿಯಿಂದ ಬರಿಯಾಕತ್ತೇನಿ. ನಮ್ಮ ಓಣ್ಯಾಗ ಕೂಲಿಗೆ ಹೋಗೋ ಅಜ್ಜಿ ಒಬ್ಬಾಕಿ ಅದಾಳ, ಮಗ ದುಡಿಯಾಕ ಗೋವಾಕ್ಕ ಹೋಗ್ಯಾನ, ಮನ್ಯಾಗ ಆಕಿ ಮತ್ತ ಒಂದು ನಾಯಿಮರಿ ಅಷ್ಟ. ಹೋದ ವಾರ ಆ ಮರಿ ಊಟ ಬಿಡ್ತು, ವಾಂತಿ ಹತ್ತಿತು, ಮರುದಿನ ರಕ್ತಭೇದಿ. ದನದ ದವಾಖಾನಿಗೆ ಎತ್ಕೊಂಡು ಹೋದ್ವಿ, ಅಲ್ಲಿದ್ದವ್ರು ಭಾಳ ಒಳ್ಳೇವ್ರು, ನೋಡಿದ್ರು, ಆದ್ರ ಇದಕ್ಕ ದಿನಾ ಸಲೈನ್ ಹಚ್ಚಬೇಕು, ನಾಯಿ ಔಷಧ ನಮ್ಮ ಕಡೆ ಸಪ್ಲೈ ಇಲ್ಲ, ಹುಬ್ಬಳ್ಳಿಗೆ ಒಯ್ರಿ ಅಂದ್ರು. ಬಸ್ಸಿನ್ಯಾಗ ಹತ್ತಿಸಿಕೊಳ್ಳಲಿಲ್ಲ. ಆಟೋದವಾ ಹೋಗಿಬರಾಕ ಕೇಳಿದ ರೊಕ್ಕ ಕೊಟ್ರ ಆಕಿ ವಾರದ ಸಂತಿ ಬಿಡಬೇಕು. ಹಂಗೂ ಹಿಂಗೂ ನಾವ ನಾಕು ಮಂದಿ ರೊಕ್ಕ ಕೂಡಿಸೋದ್ರಾಗ ಮರಿ ಹೋತು.

ಯಾರನ್ನೂ ಬೈಯಾಕ ಬರಿಯಾಕತ್ತಿಲ್ಲ. ಕೇಳೋದು ಇಷ್ಟ, ನಿಮ್ಮ ಊರಾಗ ಬಡವರ ಮನಿ ನಾಯಿ ಬೆಕ್ಕಿಗೆ ಏನ್ ವ್ಯವಸ್ಥಾ ಐತಿ? ಯಾರರ ಏನರ ದಾರಿ ಮಾಡ್ಕೊಂಡೀರೇನು? ಆಡು, ಕುರಿ, ಎಮ್ಮಿ ಸುದ್ದಿನೂ ಹೇಳ್ರಿ ನಡೀತೈತಿ.

ಹಳೇ ಹುಬ್ಳಿ:
ಪಾರ್ವೋ ಅದು, ನಾಯಿಮರಿಗೆ ವಾಂತಿ ಭೇದಿ ಹಚ್ಚೋ ವೈರಸ್ ರೋಗ. ಈ ಸಲ ನಮ್ಮ ಕಡೆನೂ ಭಾಳ ಮರಿ ಹೋಗ್ಯಾವ. ಅಜ್ಜಿಗೆ ಧೈರ್ಯ ಹೇಳ್ರಿ.

ನಿವೃತ್ತ ಪಶುವೈದ್ಯ ಧಾರವಾಡ:
ನೋಡದ ಖಚಿತ ಹೇಳಬಾರದು, ಆದ್ರ ಲಕ್ಷಣ ಪಾರ್ವೋದ್ದ ಅವ. ಆರು ವಾರದ ಮರಿಯಿಂದ ಆರು ತಿಂಗಳದ್ದರ ತನಕ ಇದರ ಕಾಟ ಹೆಚ್ಚು. ಆ ವೈರಸ್ ಕೊಲ್ಲೋ ಗುಳಿಗಿ ಅಂತ ಯಾವ ಔಷಧ ಅಂಗಡ್ಯಾಗೂ ಸಿಗೂದಿಲ್ಲ. ನೀರು ಲವಣ ರಕ್ತಕ್ಕ ಹೋಗಬೇಕು, ವಾಂತಿ ನಿಲ್ಲಬೇಕು, ಕರುಳಿಗೆ ಮತ್ತೊಂದು ಸೋಂಕು ಹತ್ತಧಂಗ ನೋಡಬೇಕು. ಮೊದಲ ಮೂರ್ನಾಲ್ಕು ದಿನ ದಾಟಿದ ಮರಿ ಹೆಚ್ಚಾಗಿ ಉಳೀತಾವ, ಅದಕ್ಕ ಆ ಮೂರ್ನಾಲ್ಕು ದಿನ ದವಾಖಾನಿ ಹತ್ರ ಇರಬೇಕು ಅನ್ನೋದು.

ಅಜ್ಜಿ ಪಾಪ ಇನ್ನೊಂದು ಮರಿ ತರತಾಳ, ತಂದ ತರತಾಳ. ಆದ್ರ ಈಗ ಬ್ಯಾಡ ಅನ್ರಿ. ಈ ವೈರಸ್ ಅಂಗಳದ ಮಣ್ಣಾಗ ತಿಂಗಳಗಟ್ಟಲೆ ಇರ್ತದ, ವರ್ಷ ತನಕಾನೂ ಇದ್ದದ್ದುಂಟು. ಸಾದಾ ಫಿನೈಲಿಗೆ ಬಗ್ಗೂದಿಲ್ಲ, ಬ್ಲೀಚಿಂಗ್ ನೀರು ಹಾಕ್ಬೇಕು, ಮರಿ ಮಲಗತಿದ್ದ ಗೋಣಿಚೀಲ ಸುಟ್ಟು ಬಿಡ್ರಿ. ಮುಂದ ತಂದ ಮರಿಗೆ ಆರೆಂಟು ವಾರದಾಗ ಮೊದಲ ಲಸಿಕೆ, ಆಮೇಲೆ ಮೂರ್ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ಆಗೂ ತನಕ. ಮೂರು ತಿಂಗಳಿಗೆ ರೇಬೀಸ್ ಲಸಿಕೆ ಬ್ಯಾರೆ.

ಇನ್ನ ಔಷಧ ಯಾಕ ಇಲ್ಲ ಅನ್ನೋ ಮಾತು. ಸರ್ಕಾರಿ ವ್ಯವಸ್ಥಾ ಹಿಂಗದ: ಜಿಲ್ಲಾ ಕೇಂದ್ರದಾಗ ಪಾಲಿಕ್ಲಿನಿಕ್, ತಾಲೂಕಿನ್ಯಾಗ ಪಶು ಆಸ್ಪತ್ರೆ, ದೊಡ್ಡ ಊರಾಗ ಚಿಕಿತ್ಸಾಲಯ, ಅದರ ಕೆಳಗ ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರ. ಈ ಕಡೀದ್ರಾಗ ಡಾಕ್ಟ್ರು ಇರೂದಿಲ್ಲ, ಪರೀಕ್ಷಕರು ಇರ್ತಾರ. 1984ರ ಪಶುವೈದ್ಯಕೀಯ ಪರಿಷತ್ ಕಾಯ್ದೆ ಪ್ರಕಾರ ಅವರು ಡಾಕ್ಟ್ರ ಮೇಲ್ವಿಚಾರಣೆಯೊಳಗ ಸಣ್ಣಪುಟ್ಟ ಉಪಚಾರ ಮಾತ್ರ ಮಾಡಬಹುದು. ಇಡೀ ಇಲಾಖೆ ಕಟ್ಟಿದ್ದ ಹಾಲು, ಎತ್ತು, ಕುರಿ ನೋಡಿ, ಔಷಧದ ಬೇಡಿಕೆ ಪಟ್ಟಿನೂ ಹಂಗ. ರಾಷ್ಟ್ರೀಯ ಕೃಷಿ ಆಯೋಗ 1976ರಾಗ 5,000 ಜಾನುವಾರಿಗೆ ಒಬ್ಬ ಡಾಕ್ಟ್ರು ಬೇಕು ಅಂತ ಹೇಳಿತ್ತು. ನಾನು ನೌಕರಿ ಮಾಡಿದ ಯಾವ ಊರಾಗೂ ಆ ಲೆಕ್ಕ ಹೊಂದಿದ್ದು ನೋಡಿಲ್ಲ.

ನವಲಗುಂದ ಎರಿಹೊಲ:
1962ಕ್ಕ ಫೋನ್ ಹಚ್ರಿ. ಸರ್ಕಾರದ ದನದ ಡಾಕ್ಟ್ರ ಗಾಡಿ ಮನಿಗೇ ಬರ್ತೈತಿ. ಫೋನಿಗೆ ರೊಕ್ಕಿಲ್ಲ.

ಬೆಣ್ಣಿಹಳ್ಳದ ದಂಡಿ:
@ನವಲಗುಂದ ಎರಿಹೊಲ ನಾಯಿಗೆ ಬರ್ತಾರೇನ್ರಿ? ನಾವು ಆಕಳ ಎಮ್ಮಿಗಷ್ಟ ಅಂತ ತಿಳ್ಕೊಂಡಿದ್ವಿ, ಅದಕ್ಕ ಹಚ್ಚಲೇ ಇಲ್ಲ.

ಗದಗ ಪಶು ಕಾಲೇಜು ಹುಡುಗಿ:
ಗಾಡಿ ಮುಖ್ಯವಾಗಿ ಜಾನುವಾರಿಗೇ ಇರೋದು. ಹೆಲ್ಪ್‌ಲೈನಿಗೆ ಫೋನ್ ಮಾಡಿ ಕೇಳೋದ್ರಾಗ ತಪ್ಪಿಲ್ಲ, ಹತ್ತಿರದ ಡಾಕ್ಟ್ರು ಯಾರು ಅಂತಾದ್ರೂ ಗೊತ್ತಾಗ್ತದ. ಲೆಕ್ಕ ಹೇಳ್ತೀನಿ ನೋಡ್ರಿ. ಕೇಂದ್ರದ ಯೋಜನೆ ಪ್ರಕಾರ ಒಂದು ಲಕ್ಷ ಜಾನುವಾರಿಗೆ ಒಂದು ಗಾಡಿ. ನಮ್ಮ ರಾಜ್ಯದಾಗ 2019ರ ಜಾನುವಾರು ಗಣತಿ ಪ್ರಕಾರ ಸುಮಾರು 2.9 ಕೋಟಿ ಜಾನುವಾರು, ಅದಕ್ಕ 275 ಗಾಡಿ ಮಂಜೂರಾದ್ವು. ಆ 2.9 ಕೋಟಿಯೊಳಗ ಆಕಳು, ಎಮ್ಮಿ, ಕುರಿ, ಆಡು, ಹಂದಿ, ಕತ್ತಿ ಎಲ್ಲಾ ಬರ್ತಾವ, ನಾಯಿ ಬರೂದಿಲ್ಲ. ಲೆಕ್ಕದೊಳಗ ಇಲ್ಲದ ಪ್ರಾಣಿಗೆ ಗಾಡಿಯೊಳಗ ಔಷಧ ಎಲ್ಲಿಂದ ಬರಬೇಕು?

ಕಡ್ಲಿ ಹೊಲ:
ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಮ್ಮೂರಾಗ ಮನಷ್ಯಾರಿಗೇ ಡಾಕ್ಟ್ರಿಲ್ಲ. ಬಾಣಂತಿನ ರಾತ್ರಿ ಟಂಟಂದಾಗ ಒಯ್ದೇವಿ. ಇಂಥಾದ್ರಾಗ ನಾಯಿಮರಿಗೆ ಸಲೈನ್ ಕೇಳೋದು ನನಗ ಸರಿ ಅನಸೂದಿಲ್ಲ. ಮೊದಲು ಮಂದಿ, ಆಮ್ಯಾಲ ದುಡಿಯೋ ಎತ್ತು ಆಕಳ, ಉಳದ್ರ ನಾಯಿ.

ಹಳೇ ಹುಬ್ಳಿ:
@ಕಡ್ಲಿ ಹೊಲ ಬಾಣಂತಿಗೆ ಡಾಕ್ಟ್ರ ಇಲ್ಲದ್ದು ನಾಯಿಮರಿಯಿಂದ ಆಗಿಲ್ಲಲ್ಲರೀ. ನಾಯಿಗೆ ಡಾಕ್ಟ್ರು ಬ್ಯಾಡ ಅಂದ್ರ ಆಕಿಗೆ ಡಾಕ್ಟ್ರು ಬರ್ತಾರಾ?

ಶಿಗ್ಗಾಂವಿ ಪಶುಸಖಿ:
@ಕಡ್ಲಿ ಹೊಲ ಅಣ್ಣಾರ, ನಾಯಿ ಸುದ್ದಿ ನಾಯಿಗಷ್ಟ ಮುಗಿಯೂದಿಲ್ಲ. ನಾನು ಪಂಚಾಯ್ತಿ ಮಟ್ಟದಾಗ ಪಶುಸಖಿ ಕೆಲಸ ಮಾಡ್ತೇನಿ, ಕಣ್ಣಾರೆ ಕಂಡಿದ್ದು ಹೇಳ್ತೇನಿ. ಒಂದು ಮನ್ಯಾಗ ಎಮ್ಮಿ ಜೊಲ್ಲು ಸುರಿಸಾಕತ್ತು, ಮೇವು ನುಂಗವಲ್ದು, ದನಿ ಒಡದು ಒದರಾಕತ್ತು. ಗಂಟಲದಾಗ ಏನೋ ಸಿಕ್ಕೈತಿ ಅಂತ ಮನಿಯವ್ರು, ಬಾಜೂ ಮನಿಯವ್ರು ಎಲ್ಲಾರೂ ಬಾಯಾಗ ಕೈ ಹಾಕಿ ನೋಡಿದ್ರು. ಡಾಕ್ಟ್ರು ಬಂದು ದೂರ ಸರಸಿ ಕೇಳಿದ್ರು, ನಾಯಿ ಕಡದಿತ್ತೇನು ಅಂತ. ಕೆಲ ವಾರದ ಹಿಂದ ಓಣ್ಯಾನ ನಾಯಿ ಒಂದು ಕಾಲಿಗೆ ಕಡದಿದ್ದು ಆವಾಗ ನೆನಪಾತು. ಎಮ್ಮಿ ಹೋತು. ಕೈ ಹಾಕಿದವ್ರೆಲ್ಲಾ ಸರ್ಕಾರಿ ದವಾಖಾನ್ಯಾಗ ಇಂಜೆಕ್ಷನ್ ತಗೊಂಡ್ರು, ಅವ್ರಿಗೇನೂ ಆಗಲಿಲ್ಲ. ಆ ಓಣಿ ನಾಯಿಗೆ ವರ್ಷಕ್ಕೊಂದು ಲಸಿಕೆ ಬಿದ್ದಿದ್ರ ಎಮ್ಮಿನೂ ಉಳೀತಿತ್ತು, ಹಾಲಿನ ರೊಕ್ಕದ ಮ್ಯಾಲ ನಿಂತ ಮನಿನೂ ಉಳೀತಿತ್ತು. ನಾಯಿ ಬ್ಯಾರೆ, ಎಮ್ಮಿ ಬ್ಯಾರೆ, ಮಂದಿ ಬ್ಯಾರೆ ಅಂತ ಹೆಂಗ ಕಡದು ಇಡೂದ್ರಿ?

ನಿವೃತ್ತ ಪಶುವೈದ್ಯ ಧಾರವಾಡ:
ತಂಗಿ ಹೇಳಿದ್ದು ನೂರಕ್ಕೆ ನೂರು ಖರೆ. ಜೊಲ್ಲು ಸುರಿಸೋ ದನದ ಬಾಯಾಗ ಬರೇ ಕೈ ಹಾಕಬ್ಯಾಡ್ರಿ, ಇದನ್ನ ಎಲ್ಲಾರಿಗೂ ಹೇಳ್ರಿ. ಹುಚ್ಚು, ಅಂದ್ರ ರೇಬೀಸ್, ಹತ್ತಿದ ಮ್ಯಾಲ ದನಕ್ಕೂ ಮನಷ್ಯಾಗೂ ಔಷಧ ಇಲ್ಲ. ಆದ್ರ ಕಡದ ಕೂಡಲೆ ಗಾಯನ ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯೋ ನೀರಾಗ ತೊಳದು ಲಸಿಕೆ ಸುರು ಮಾಡಿದ್ರ ತಡೀಬಹುದು. ನಾಯಿ ಕಡದ ಆಕಳಿಗೂ ಲಸಿಕೆ ಅದ, ಅದೇ ದಿನ ಸುರು ಮಾಡಿ ಡಾಕ್ಟ್ರು ಹೇಳಿದ ದಿನಕ್ಕ ಎಲ್ಲಾ ಡೋಸ್ ಮುಗಸಬೇಕು. ಗಾಯದ ಮ್ಯಾಲ ಸುಣ್ಣ, ಖಾರಪುಡಿ, ಎಕ್ಕಿಹಾಲು ಹಚ್ಚೋದು ಇನ್ನೂ ನಡದದ, ಅದನ್ನ ಬಿಡ್ರಿ ದಯಮಾಡಿ.

ಒಂದು ಊರಿನ ನೂರು ನಾಯಿಯೊಳಗ ಎಪ್ಪತ್ತಕ್ಕ ಲಸಿಕೆ ಬಿದ್ರ ಹುಚ್ಚು ಹಬ್ಬೋದು ನಿಲ್ತದ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ. 2030ರೊಳಗ ನಾಯಿಯಿಂದ ಬರೋ ರೇಬೀಸ್ ಮುಗಸಬೇಕು ಅಂತ ನಮ್ಮ ದೇಶದ ಗುರಿನೂ ಅದ.

ಕಡ್ಲಿ ಹೊಲ:
ಲಸಿಕೆ ಮಾತು ಒಪ್ಪಿದೆ. ಅದು ಊರಿಗೆಲ್ಲಾ ಬೇಕಾದ್ದು. ಆದ್ರೂ ಸರದಿ ಅಂತ ಒಂದು ಐತಿ.

ಕೆಲಗೇರಿ ಬೆಕ್ಕಿನಮನಿ:
ಬೆಕ್ಕಿನವ್ರು ಯಾರೂ ಮಾತಾಡವಲ್ರು, ನಾನಾ ಹೇಳ್ತೀನಿ. ನಾವು ಧಾರವಾಡ ಶಹರದಾಗ ಇದ್ದು ರಿಕ್ಷಾ ಹಿಡದ್ರ ಕ್ಲಿನಿಕ್ ಸಿಗ್ತದ, ಅಷ್ಟು ಅನುಕೂಲ ನಮಗದ. ಆದ್ರ ನಮ್ಮ ಮನಿ ಕೆಲಸಕ್ಕ ಬರೋ ಅಕ್ಕನ ಬೆಕ್ಕಿಗೆ ಜ್ವರ ಬಂತು ಅಂತ ಮೆಡಿಕಲ್ ಅಂಗಡಿಯವಾ ಮಕ್ಕಳ ಜ್ವರದ ಔಷಧ ಕೊಟ್ಟು ಕಳಿಸ್ಯಾನ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಅರ್ಧ ಗುಳಿಗಿಗೇ ಜೀವ ಹೋಗಬಹುದು. ಆಕಿ ಕೊಡೋಕಿಂತ ಮೊದಲು ನನಗ ಕೇಳಿದ್ಲು, ಬಚಾವಾತು. ಓದೋವ್ರೆಲ್ಲಾ ಮನಸಿನ್ಯಾಗ ಇಟ್ಕೊಳ್ರಿ, ಬೆಕ್ಕಿಗೆ ಪ್ಯಾರಾಸಿಟಮಾಲ್ ಬ್ಯಾಡ, ನಾಯಿಗೆ ಬ್ರೂಫೆನ್ ಬ್ಯಾಡ, ಆಕಳ ಮೈಗೆ ಹಚ್ಚೋ ಉಣ್ಣಿ ಔಷಧ ಬೆಕ್ಕಿಗೆ ಎಂದೆಂದೂ ಬ್ಯಾಡ. ಡಾಕ್ಟ್ರು ದೂರ ಇದ್ದಲ್ಲೆ ಮೆಡಿಕಲ್ ಅಂಗಡೀನ ಡಾಕ್ಟ್ರು ಆಗಿಬಿಡ್ತದ, ಅದೇ ಅಂಜಿಕಿ.

ಗೌಳಿ ಓಣಿ:
ಶಹರದಾಗ ಅನುಕೂಲ ಅದ ಅಂದ್ರಲ್ಲ ಮೇಡಂ, ನಮ್ಮನ್ನ ಕೇಳ್ರಿ. ನಮ್ಮದು ಧಾರವಾಡಿ ಎಮ್ಮಿ, ತಲಿತಲಾಂತರದಿಂದ ಇದ ಉದ್ಯೋಗ. ಶಹರದಾಗ ಬೋರ್ಡ್ ಹಾಕಿದ ಖಾಸಗಿ ಕ್ಲಿನಿಕ್ ನಾನು ನೋಡಿದ್ದೆಲ್ಲಾ ನಾಯಿ ಬೆಕ್ಕಿಂದ. ಒಳಗ ಏಸಿ, ಮೇಜು, ನಾಯಿಗೆ ಕಟಿಂಗ್ ಮಾಡೋ ರೂಮು. ಅಲ್ಲಿಗೆ ಎಮ್ಮಿ ಒಯ್ಯಾಕ ಬರ್ತದೇನು? ರಾತ್ರಿ ಎಮ್ಮಿ ಈಯಾಕ ಕುಂತು ಕರು ಅಡ್ಡ ಆದ್ರ ಸರ್ಕಾರಿ ದವಾಖಾನಿ ಬಾಗಲಾ ಹಾಕಿರ್ತದ, ಖಾಸಗಿಯವ್ರು ದೊಡ್ಡ ಪ್ರಾಣಿ ನೋಡೂದಿಲ್ಲ ಅಂತಾರ. ಹಳ್ಯಾಗ ನಾಯಿಗೆ ಡಾಕ್ಟ್ರಿಲ್ಲ, ಶಹರದಾಗ ಎಮ್ಮಿಗೆ ಡಾಕ್ಟ್ರಿಲ್ಲ. ಎರಡೂ ಕಡೆ ರೊಕ್ಕಿಲ್ಲದಾವ ಸಿಗತಾನ.

ಗದಗ ಪಶು ಕಾಲೇಜು ಹುಡುಗಿ:
ಇದು ನಾನು ಯೋಚನಾನ ಮಾಡಿರಲಿಲ್ಲ. ನಮ್ಮ ಬ್ಯಾಚಿನ ಭಾಳ ಮಂದಿ ಪಾಸಾದ ಮ್ಯಾಲ ಪೆಟ್ ಕ್ಲಿನಿಕ್ ಹಾಕ್ತೀನಿ ಅಂತಾರ, ರಾತ್ರಿ ಹೊತ್ತು ಕೆಸರಾಗ ನಿಂತು ಕರು ತಗಿಯೋ ಕೆಲಸಕ್ಕ ಯಾರೂ ಮುಂದ ಬರವಲ್ರು.

ಸಾಧನಕೇರಿ:
ಧಾರವಾಡಿ ಎಮ್ಮಿ ಅಂದ್ರ ಫೇಡೆ ನೆನಪಾತು. ಅದಕ್ಕ 2021ರಾಗ ದೇಶದ ತಳಿ ಪಟ್ಟಿಯೊಳಗ ಜಾಗ ಸಿಕ್ಕದ. ಫೇಡೆ ತಿನ್ನೋ ನಾವು ಆ ಎಮ್ಮಿಗೆ ರಾತ್ರಿ ಡಾಕ್ಟ್ರು ಅದಾರೇನು ಅಂತ ಎಂದೂ ಕೇಳಿಲ್ಲ ನೋಡ್ರಿ.

ಗೌಳಿ ಓಣಿ:
ತಳಿ ಪಟ್ಟಿಯೊಳಗ ಬಂತು, ನಮಗೂ ಅಭಿಮಾನ ಅದ. ಹೊಲ, ಗಾಯರಾಣ ಎಲ್ಲಾ ಲೇಔಟ್ ಆಗಿ ಮೇಯಾಕ ಜಾಗಿಲ್ಲ, ಎಮ್ಮಿ ಕಡಿಮಿ ಆಗಾಕತ್ತಾವ. ಕೆಚ್ಚಲು ಬಾವು ಬಂದ್ರ ನಮ್ಮವ್ವ ಲೋಳಸರ, ಅರಿಷಿಣ, ಸುಣ್ಣ ಅರದು ಹಚ್ಚತಾಳ, ಗುಣ ಆಗ್ತದ.

ನಿವೃತ್ತ ಪಶುವೈದ್ಯ ಧಾರವಾಡ:
ನಿಮ್ಮವ್ವ ಮಾಡೋದು ಬರೋಬ್ಬರಿ ಅದ. ಲೋಳಸರ 250 ಗ್ರಾಂ, ಅರಿಷಿಣಪುಡಿ 50 ಗ್ರಾಂ, ಸುಣ್ಣ 15 ಗ್ರಾಂ, ಇದನ್ನ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿನೂ ರೈತರಿಗೆ ಹೇಳಿಕೊಡ್ತದ. ಮೊದಲ ಹಂತದಾಗ ಕೆಲಸ ಮಾಡ್ತದ. ಜ್ವರ ಬಂದು ಹಾಲು ನೀರಾದ್ರ, ರಕ್ತ ಬಂದ್ರ ಮಾತ್ರ ತಡಾ ಮಾಡಬ್ಯಾಡ್ರಿ. ಹಳ್ಳಿ ಔಷಧ ಎಲ್ಲಾ ಸುಳ್ಳು ಅನ್ನೋವ್ರ ಪೈಕಿ ನಾನಲ್ಲ. ಆದ್ರ ಬರೆ ಎಳಿಯೋದು, ಬ್ಯಾನಿ ಬಂದ ಆಕಳಿಗೆ ಕಾಯಿಸಿದ ಕಬ್ಬಿಣ ಹಚ್ಚೋದು, ಅದನ್ನ ಯಾರರ ಮಾಡಿದ್ರ ಅಡ್ಡ ನಿಂದ್ರಿ.

ಮುಂಡರಗಿ ಕುರಿಗಾರ:
ಎಲ್ಲಾ ಓದಿದ್ಯಾ. ನಮ್ದೂ ಹೇಳ್ತೇನಿ, ಸ್ವಲ್ಪ ಉದ್ದ ಆಗ್ತೈತಿ. ನಮ್ಮ ದೊಡ್ಡಪ್ಪಾರು ಕುರಿ ಹೊಡಕೊಂಡು ದೀಪಾವಳಿ ಆದ ಮ್ಯಾಲ ಹಾನಗಲ್ಲ, ಕಲಘಟಗಿ, ಮುಂಡಗೋಡ ಕಡೆ ಭತ್ತದ ಗದ್ದಿಗೆ ಹೋಗ್ತಾರ, ಹೊಲದಾಗ ಕುರಿ ತರಬತಾರ, ಹೊಲದವ್ರು ಗೊಬ್ಬರದ ಸಲುವಾಗಿ ಕಾಳು, ರೊಕ್ಕ ಕೊಡ್ತಾರ. ತಿಂಗಳಾನುಗಟ್ಟಲೆ ಊರಿಗೆ ಬರೂದಿಲ್ಲ. ಲಸಿಕೆ ಕ್ಯಾಂಪ್ ನಡಿಯೋದು ಊರ ಲೆಕ್ಕದಾಗ. ನಮ್ಮೂರಿಗೆ ಪಿಪಿಆರ್ ಅನ್ನೋ ಕುರಿ ಆಡಿನ ಅಂಟುರೋಗದ ಲಸಿಕೆ ಬಂದಾಗ ಕುರಿ ಹಾನಗಲ್ಲದಾಗ, ಹಾನಗಲ್ಲದಾಗ ಹಾಕೋವಾಗ ಕುರಿ ದಾರಿಮ್ಯಾಲ. ಹಂಗಾಗಿ ಎರಡೂ ಕಡೆ ಪಟ್ಟಿಯಾಗ ಬಿಟ್ಟು ಹೋಗ್ತಾವ. ಮಳಿಗಾಲದ ಮುಂಚೆ ಕರುಳಬ್ಯಾನಿ ಲಸಿಕೆ ಬೀಳಲಿಲ್ಲಂದ್ರ ಹೊಸ ಹುಲ್ಲು ತಿಂದು ಮುಂಜಾನೆ ಎದ್ದು ನೋಡೋದ್ರಾಗ ಕುರಿ ಸತ್ತು ಬಿದ್ದಿರ್ತಾವ, ಲಕ್ಷಣ ನೋಡಾಕೂ ಟೈಮ್ ಸಿಗೂದಿಲ್ಲ.

ಸತ್ತ ಕುರಿಗೆ ಅನುಗ್ರಹ ಯೋಜನೆ ಪರಿಹಾರ ಐತಿ, ಖರೆ. ಆದ್ರ ಡಾಕ್ಟ್ರು ಬಂದು ಮರಣೋತ್ತರ ಪರೀಕ್ಷೆ ಮಾಡಿ ಬರಕೊಡಬೇಕು. ಅಡವ್ಯಾಗ ಕುಂತು ಯಾವ ಊರಿನ ಡಾಕ್ಟ್ರಿಗೆ ಫೋನ್ ಹಚ್ಚೂದು, ಅವ್ರು ಬರೂ ತನಕ ಹಿಂಡು ನಿಂದರೂದಿಲ್ಲ, ಮೇವು ಇಲ್ಲದ ಕಡೆ ಎಷ್ಟೊತ್ತು ತಡಿಯಾಕಾಕೈತಿ. ಮತ್ತ ಹಿಂಡಿನ ನಾಯಿ. ತೋಳ ಬಂದ್ರ ಮೊದಲು ಮೈಮ್ಯಾಲ ಹೋಗೋವು ಅವ. ನನಗ ನೆನಪಿದ್ದಂಗ ಅವಕ್ಕ ಒಂದ ಒಂದು ಲಸಿಕೆ ಬಿದ್ದಿಲ್ಲ. ಕುರಿಗೆ ಬಂದ ಡಾಕ್ಟ್ರು ನಾಯಿ ಕಡೆ ನೋಡೂದಿಲ್ಲ, ನಾವೂ ಕೇಳೂದಿಲ್ಲ.

ಶಿಗ್ಗಾಂವಿ ಪಶುಸಖಿ:
@ಮುಂಡರಗಿ ಕುರಿಗಾರ ನಿಮ್ಮ ದೊಡ್ಡಪ್ಪಾರು ಈ ಕಡೆ ಬಂದಾಗ ನಂಬರ್ ಸಿಗೂ ಹಂಗ ಮಾಡ್ರಿ. ನಾವು ಪಶುಸಖ್ಯಾರು ಜಂತಿನ ಔಷಧ ಕುಡಸ್ತೇವಿ, ಗಾಯ ತೊಳದು ಕಟ್ತೇವಿ, ಡಾಕ್ಟ್ರಿಗೆ ಸುದ್ದಿ ಮುಟ್ಟಸ್ತೇವಿ. ಇಂಜೆಕ್ಷನ್ ಮಾಡಾಕ ನಮಗ ಅನುಮತಿ ಇಲ್ಲ. ಆದ್ರ ಎಲ್ಲಿ ಹಿಂಡು ಇಳದೈತಿ, ಎಷ್ಟು ಕುರಿ ಅದಾವ ಅಂತ ಮೊದಲ ಗೊತ್ತಾದ್ರ ಡಾಕ್ಟ್ರನ್ನ ಕರಸಾಕ ಸುಲಭ ಆಗ್ತೈತಿ.

ಕೊಬ್ಬರಿ ಹೋರಿ ಹಾವೇರಿ:
ನಮ್ಮ ಕಡೆ ಹೋರಿಗೆ ಇಂಥಾ ತೊಂದ್ರಿ ಇಲ್ಲ ನೋಡ್ರಿ. ದೀಪಾವಳಿ ಹೋರಿ ಹಬ್ಬದ ಹೋರಿಗೆ ಕಾಲು ನೋವಾದ್ರ ಡಾಕ್ಟ್ರು ರಾತ್ರೋರಾತ್ರಿ ಬರ್ತಾರ, ನಾವ ಗಾಡಿ ಕಳಸಿ ಕರ್ಕೊಂಡ್ ಬರ್ತೇವಿ.

ಸವಣೂರ ಎಲಿ:
@ಕೊಬ್ಬರಿ ಹೋರಿ ಹಾವೇರಿ ಅದ ಮಾತು ಹೇಳಾಕತ್ತಿದ್ದು ಎಲ್ಲಾರೂ. ಹೋರಿ ಹಿಂದ ಅಭಿಮಾನಿಗಳ ಬಳಗ ಐತಿ, ಬ್ಯಾನರ್ ಐತಿ, ಗಾಡಿ ಐತಿ. ಗಂಡ ಇಲ್ಲದಾಕಿ ಕಟ್ಟಿದ ಎರಡು ಆಡಿನ ಹಿಂದ ಯಾರದಾರ? 2022ರಾಗ ಚರ್ಮಗಂಟು ರೋಗ ಬಂದಾಗ ನಮ್ಮ ಜಿಲ್ಲಾ ಎಷ್ಟು ನರಳಿತು ನೆನಪೈತಲ್ಲ. ಸರ್ಕಾರ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ಪರಿಹಾರ ಅಂತ ಮಾಡ್ತು. ಆವಾಗ ನಮ್ಮ ಓಣ್ಯಾಗ ಎತ್ತು ಹೋದವ್ರು ಇನ್ನೂ ಜೋಡಿ ಮಾಡ್ಕೊಂಡಿಲ್ಲ, ಬಾಡಗಿ ಟ್ರ್ಯಾಕ್ಟರ್ ಮ್ಯಾಲ ಅದಾರ. ಲಸಿಕೆ ಮೊದಲು ಬಂದ ಊರು ಉಳದ್ವು. ರೋಗ ಬಂದ ಮ್ಯಾಲ ಓಡಿ ಬರೋದಕ್ಕಿಂತ ಮೊದಲ ಬರೋದು ಅಗ್ಗ.

ಕೊಬ್ಬರಿ ಹೋರಿ ಹಾವೇರಿ:
ಖರೆ ಐತಿ. ಒಂದು ಮಾತು ಕೊಡ್ತೇನಿ, ನಮ್ಮ ಹೋರಿ ಬಳಗದ ಪಿಕಪ್ ಗಾಡಿ ಹಬ್ಬ ಬಿಟ್ಟು ಉಳದ ದಿನ ಸುಮ್ನ ನಿಂತಿರ್ತೈತಿ. ಆಡು, ನಾಯಿ, ಏನಾದ್ರೂ ಇರ್ಲಿ, ದವಾಖಾನಿಗೆ ಒಯ್ಯಾಕ ಡೀಸೆಲ್ ಹಾಕಿಸಿದ್ರ ಸಾಕು, ಬಾಡಗಿ ಬ್ಯಾಡ. ಸುತ್ತಿನ ಊರಿನವ್ರು ಮೆಸೇಜ್ ಮಾಡ್ರಿ.

ಸವಣೂರ ಎಲಿ:
ಭಾಳ ಚೊಲೋ ಆತು ಅಣ್ಣಾ. ನಮ್ಮ ಓಣಿ ಗುಂಪಿಗೆ ಹಾಕ್ತೇನಿ.

ನವಲಗುಂದ ಎರಿಹೊಲ:
ಗಾಡಿ ಸುದ್ದಿ ಬಂತಲ್ಲ, ಹೇಳ್ತೇನಿ. ನಮ್ಮ ಬಾಜೂ ಹೊಲದವ್ರ ಆಕಳ ಕೂಳೆ ಜೋಳದ ಎಳೆ ಚಿಗರು ತಿಂತು, ಮಳಿ ಇಲ್ಲದ ಬಾಡಿದ್ದು. ಹೊಟ್ಟಿ ಉಬ್ಬಿ, ಒದ್ದಾಡಿ, ಸ್ವಲ್ಪ ಹೊತ್ತಿನ್ಯಾಗ ಬಿತ್ತು. ಡಾಕ್ಟ್ರು ಬರೋದ್ರಾಗ ಮುಗದಿತ್ತು.

ನಿವೃತ್ತ ಪಶುವೈದ್ಯ ಧಾರವಾಡ:
ಅದು ಸೈನೈಡ್. ಎಳೆ ಜೋಳದಾಗ, ಬರಕ್ಕ ಬಾಡಿದ್ದರಾಗ, ಕೂಳೆ ಚಿಗುರಿನ್ಯಾಗ ಹೆಚ್ಚಿರ್ತದ. ಸೋಡಿಯಂ ಥಯೋಸಲ್ಫೇಟ್ ಇಂಜೆಕ್ಷನ್ ಲಗೂನ ಕೊಟ್ರ ಬದಕ್ತಾವ, ಆದ್ರ ಟೈಮ್ ಭಾಳ ಕಡಿಮಿ. ಇಂಥಾ ಕೇಸಿನ್ಯಾಗ ಇಪ್ಪತ್ತು ಕಿಲೋಮೀಟರ್ ದೂರ ಅನ್ನೋದ ಸಾವು. ಜೋಳ ಹೂ ಬಿಟ್ಟ ಮ್ಯಾಲ ಕೊಯ್ದು ಹಾಕ್ರಿ, ಕೂಳೆ ಹೊಲಕ್ಕ ದನ ಬಿಡಬ್ಯಾಡ್ರಿ.

ಮುಧೋಳ ಪ್ರೇಮಿ:
ಮುಂಡರಗಿ ಅಣ್ಣಾರ ಹಿಂಡಿನ್ಯಾಗ ಮುಧೋಳ ನಾಯಿ ಅದಾವೇನ್ರಿ? ಮರಿ ಇದ್ರ ಹೇಳ್ರಿ.

ಮುಂಡರಗಿ ಕುರಿಗಾರ:
ಜಾತಿ ನಾಯಿ ಅಲ್ರಿ, ಊರ ನಾಯಿ. ಮರಿ ಮಾರಾಟಕ್ಕಿಲ್ಲ. ಮುಧೋಳ ನಾಯಿ ಬೇಕಂದ್ರ ಮುಧೋಳ ಹತ್ರ ತಿಮ್ಮಾಪುರದಾಗ ಸರ್ಕಾರದ ಶ್ವಾನ ಸಂಶೋಧನಾ ಕೇಂದ್ರ ಐತಿ, ಅಲ್ಲಿ ಕೇಳ್ರಿ.

ಕೆಲಗೇರಿ ಬೆಕ್ಕಿನಮನಿ:
ಊರ ನಾಯಿನ ಸಾಕ್ರಿ ಎಲ್ಲಾರೂ. ನಮ್ಮ ಬಿಸಲು, ನಮ್ಮ ಅನ್ನಕ್ಕ ಒಗ್ಗಿದ ಮೈ. ಸಾವಿರಗಟ್ಟಲೆ ಕೊಟ್ಟು ಉದ್ದ ಕೂದಲದ ನಾಯಿ ತಂದು ಗದಗಿನ ಬಿಸಲಾಗ ಕಟ್ಟಿದ್ದು ನೋಡಿದ್ರ ಹೊಟ್ಟಿ ಉರೀತದ.

ಕಡ್ಲಿ ಹೊಲ:
ಬೀದಿನಾಯಿ ಸುದ್ದಿ ಯಾರೂ ಎತ್ತವಲ್ರಿ. ನಮ್ಮ ಸಾಲಿ ಹುಡುಗೂರು ಅಂಜಿ ಅಂಜಿ ಹೋಗ್ತಾವ. ಇವನ್ನೆಲ್ಲಾ ಹಿಡದು ದೂರ ಬಿಟ್ಟು ಬರಬೇಕು.

ಗದಗ ಪಶು ಕಾಲೇಜು ಹುಡುಗಿ:
@ಕಡ್ಲಿ ಹೊಲ ಹುಡುಗರ ಅಂಜಿಕಿ ನನಗೂ ಗೊತ್ತದ ಅಣ್ಣಾ, ರೇಬೀಸಿನಿಂದ ಸಾಯೋವ್ರೊಳಗ ಮಕ್ಕಳೂ ಭಾಳ ಇರ್ತಾರ. ಆದ್ರ ಲಸಿಕೆ ಹಾಕಿದ ನಾಯಿ ಒಯ್ದು ಬಿಟ್ರ ಆ ಜಾಗಕ್ಕ ಲಸಿಕೆ ಇಲ್ಲದ ಹೊಸ ನಾಯಿ ಬರ್ತಾವ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದೊಳಗೂ ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡದ ಜಾಗಕ್ಕ ಬಿಡಬೇಕು ಅಂತ ಅದ. ದೊಡ್ಡ ಶಹರದಾಗ ಇದರ ಮಾತಾದ್ರೂ ನಡೀತದ. ಸಣ್ಣ ಊರಾಗ ಆಪರೇಷನ್ ಮಾಡೋ ಜಾಗ, ಮೂರ್ನಾಲ್ಕು ದಿನ ಇಡೋ ಗೂಡು, ಅರಿವಳಿಕೆ ಕೊಡೋವ್ರು ಎಲ್ಲಿದಾರ? ಹೆಣ್ಣು ಮರಿ ಹುಟ್ಟಿತಂದ್ರ ಚೀಲದಾಗ ಹಾಕಿ ಊರ ಹೊರಗ ಬಿಟ್ಟು ಬರ್ತಾರ, ಯಾಕಂದ್ರ ಆಪರೇಷನ್ ಮಾಡಸೋ ದಾರಿ ಅವ್ರಿಗೆ ಇಲ್ಲ.

ಬೆಣ್ಣಿಹಳ್ಳದ ದಂಡಿ:
ಇಷ್ಟು ಮಂದಿ ಬರೀತೀರಿ ಅಂತ ತಿಳದಿರಲಿಲ್ಲ. ಓದಿ ಒಂದು ವಿಚಾರ ಬಂತು. ಅಡಚಣಿ ಆಗೋದು ದಾರಿ ಮತ್ತ ದಿನ. ಉದ್ಯೋಗ ಖಾತ್ರಿ ಕೂಲಿ 2025-26ರಾಗ ದಿನಕ್ಕ 370 ರೂಪಾಯಿ ಇತ್ತು, ಹುಬ್ಬಳ್ಳಿಗೆ ನಾಯಿ ಒಯ್ದ್ರ ಆ ದಿನದ ಕೂಲಿನೂ ಹೋತು, ಮ್ಯಾಲ ಆಟೋ, ಮ್ಯಾಲ ಫೀ. ಆದ್ರ ಸಂತಿಗೆ ಎಲ್ಲಾರೂ ಬರ್ತಾರ, ಸುತ್ತಿನ ಹಳ್ಳಿಯವ್ರು ಕೂಲಿ ಬಿಟ್ಟು ಬರೋದ ಅವತ್ತು. ಸಂತಿ ದಿನ ಒಬ್ಬರು ಡಾಕ್ಟ್ರು ಒಂದು ಕಡೆ ಕುಂತು ನಾಯಿ ಬೆಕ್ಕಿಗೆ ಲಸಿಕೆ, ಜಂತಿನ ಔಷಧ ಕೊಟ್ರ? ತಿಂಗಳಿಗೊಮ್ಮೆ ಆದ್ರೂ ಸಾಕು.

ಹಳೇ ಹುಬ್ಳಿ:
ಚೊಲೋ ಐಡಿಯಾ! ನಾನು ಬರ್ತೀನಿ ಕೆಲಸಕ್ಕ.

ನಿವೃತ್ತ ಪಶುವೈದ್ಯ ಧಾರವಾಡ:
ವಿಚಾರ ಛಲೋ ಅದ, ಆದ್ರ ಸಂತ್ಯಾಗ ಮಾತ್ರ ಬ್ಯಾಡ. ಗದ್ದಲದಾಗ ನಾಯಿ ಕಡದಾಡ್ತಾವ, ತಪ್ಪಿಸ್ಕೊಂಡು ಓಡ್ತಾವ. ಅದಕ್ಕಿಂತ ದೊಡ್ಡದು, ಲಸಿಕೆ ಆಗದ ಮರಿಗಳನ್ನ ಒಂದು ಕಡೆ ಕೂಡಿಸಿದ್ರ ಪಾರ್ವೋನ ಹಂಚಿದಂಗ ಆಗ್ತದ. ಒಂದು ಮರಿಗೆ ಇದ್ರ ಸಂಜಿಯೊಳಗ ಹತ್ತು ಊರಿಗೆ ಹೋಗ್ತದ.

ಬೆಣ್ಣಿಹಳ್ಳದ ದಂಡಿ:
ಹಂಗಾದ್ರ ಏನ್ ಮಾಡೂದ್ರಿ ಸರ್?

ಶಿಗ್ಗಾಂವಿ ಪಶುಸಖಿ:
ಸಂತ್ಯಾಗ ಹೆಸರು ಬರಸ್ಕೊಳ್ಳೂಣು, ಪ್ರಾಣಿ ತರೂದು ಬ್ಯಾಡ. ಯಾವ ಊರು, ಯಾವ ಓಣಿ, ಎಷ್ಟು ನಾಯಿ, ಎಷ್ಟು ಬೆಕ್ಕು, ಮರಿ ಎಷ್ಟು ವಾರದ್ದು, ಯಾವುದು ಕಡೀತೈತಿ, ಎಲ್ಲಾ ಬರಕೊಂಡು ಮುಂದಿನ ವಾರ ಓಣಿಗೇ ಡಾಕ್ಟ್ರು ಹೋಗೋದು. ಕಾಲುಬಾಯಿ ಬ್ಯಾನಿ ಲಸಿಕೆನ ನಾವು ಹಿಂಗ ಮನಿಮನಿಗೆ ಹೋಗಿ ಹಾಕಸ್ತೇವಿ, ಕಿವಿ ಬಿಲ್ಲೆ ನಂಬರ್ ಬರಕೊಂತ. ಆಕಳಿಗೆ ಮಾಡೋ ಹಂಗ ನಾಯಿಗೆ ಮಾಡಾಕ ಏನ್ ಅಡ್ಡಿ?

ನಿವೃತ್ತ ಪಶುವೈದ್ಯ ಧಾರವಾಡ:
ಇದು ಬರೋಬ್ಬರಿ. ರೇಬೀಸ್ ಲಸಿಕೆ ಹತ್ತು ಡೋಸಿನ ಬಾಟ್ಲಿ ಬರ್ತಾವ, ಬಿಡಿ ಡೋಸಿಗಿಂತ ಅಗ್ಗ. ಆದ್ರ ಬಾಟ್ಲಿ ತಗದ ಮ್ಯಾಲ ಅವತ್ತ ಮುಗಸಬೇಕು, ಅದಕ್ಕ ಮೊದಲ ಲೆಕ್ಕ ಬೇಕು, ಒಂದು ಓಣ್ಯಾಗ ಹತ್ತು ನಾಯಿ ಕೂಡಿದ್ರ ಒಂದು ಬಾಟ್ಲಿ. 2ರಿಂದ 8 ಡಿಗ್ರಿಯೊಳಗ ಇರಬೇಕು, ಐಸ್ ಪ್ಯಾಕಿನ ಡಬ್ಬಿ ಬಿಟ್ಟು ಗಾಡಿ ಸೀಟಿನ ಮ್ಯಾಲ ಇಟ್ಟು ಒಯ್ದ್ರ ನೀರು ಚುಚ್ಚಿದಂಗ. ಬಾಜೂ ಊರಿಗೆ ಹೋಗೋವಾಗ ಕೈ, ಚಪ್ಪಲಿ ಬ್ಲೀಚಿಂಗ್ ನೀರಾಗ ತೊಳೀರಿ. ಲಸಿಕೆ ಹಾಕಿದ್ದಕ್ಕ ಚೀಟಿ ಬರದು ಮನಿಯವರ ಕೈಯಾಗ ಕೊಡ್ರಿ, ಓದಾಕ ಬರದಿದ್ರೂ ಚೀಟಿ ಇಟ್ಕೊಂತಾರ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಭಾಳ ಕಡೆ ಸರ್ಕಾರಿ ಆಸ್ಪತ್ರ್ಯಾಗ ಆವಾಗ ಉಚಿತ ಲಸಿಕೆ ಇರ್ತದ. ತಾಲೂಕಿನ ಸಹಾಯಕ ನಿರ್ದೇಶಕರಿಗೆ ಪಂಚಾಯ್ತಿ ಕಡೆಯಿಂದ ಪತ್ರ ಕೊಟ್ರ ಲಸಿಕೆನೂ ಸಿಗಬಹುದು. ಚುಚ್ಚಾಕ ನಾನು ಬರ್ತೀನಿ, ನೋಂದಣಿ ಇನ್ನೂ ಚಾಲ್ತಿಯೊಳಗದ.

ಕಡ್ಲಿ ಹೊಲ:
ಪಂಚಾಯ್ತಿ ಪತ್ರದ ಕೆಲಸ ನನಗ ಬಿಡ್ರಿ, ನಮ್ಮ ತಮ್ಮ ಮೆಂಬರ್ ಅದಾನ. ನಮ್ಮೂರ ಸಾಲಿ ಹತ್ರದ ನಾಯಿ ಮೊದಲು ತಗೋಬೇಕು, ಆ ಶರತ್ತಿನ ಮ್ಯಾಲ.

ಗದಗ ಪಶು ಕಾಲೇಜು ಹುಡುಗಿ:
ನಮ್ಮ ಕೋರ್ಸಿನ್ಯಾಗ ಕಡೀ ಒಂದು ವರ್ಷ ಇಂಟರ್ನ್‌ಶಿಪ್ ಇರ್ತದ, ಊರಾಗ ಕೆಲಸ ಮಾಡೋ ಹುಡುಗರು ಭಾಳ ಮಂದಿ ಅದಾರ. ಸರ್ ಇದ್ರ ನಾವು ನಾಯಿ ಹಿಡಿಯಾಕ, ಬರಿಯಾಕ ಬರ್ತೀವಿ, ಟೀಚರ್‌ನ ಕೇಳಿ ಹೇಳ್ತೀನಿ. ಗದಗ ಸುತ್ತಿನವ್ರಿಗೆ ಇನ್ನೊಂದು, ಪಶುವೈದ್ಯ ಕಾಲೇಜಿಗೆ ಚಿಕಿತ್ಸಾ ಸಂಕೀರ್ಣ ಇರಲೇಬೇಕು ಅಂತ ನಿಯಮ ಅದ, ನಾಯಿ, ಬೆಕ್ಕು, ದನ ಎಲ್ಲಾ ನೋಡ್ತಾರ. ಕೇಸ್ ಬಂದಷ್ಟು ನಮಗೂ ಕಲಿಯಾಕ ಆಗ್ತದ, ಸಂಕೋಚ ಮಾಡ್ಕೋಬ್ಯಾಡ್ರಿ.

ಕೊಬ್ಬರಿ ಹೋರಿ ಹಾವೇರಿ:
ಪಿಕಪ್ ಕುಂದಗೋಳಕ್ಕ ಕಳಸಾಕ ದೂರ ಆಗ್ತೈತಿ, ಶಿಗ್ಗಾಂವಿ, ಸವಣೂರ ಕಡೆ ಆದ್ರ ನಾನು ಗ್ಯಾರಂಟಿ.

ಹಳೇ ಹುಬ್ಳಿ:
ಕುಂದಗೋಳಕ್ಕ ನಮ್ಮ ಕಾಕಾನ ಓಮ್ನಿ ಅದ. ಐಸ್ ಡಬ್ಬಿ ಯಾರ ಕಡೆ ಅದ?

ಗೌಳಿ ಓಣಿ:
ಐಸ್ ಡಬ್ಬಿ ನಮ್ಮ ಕಡೆ ಅವ, ಹಾಲಿಂದು, ತೊಳದು ಕೊಡ್ತೀವಿ. ಅದಕ್ಕ ಬದಲಿ ರಾತ್ರಿ ಎಮ್ಮಿ ನೋಡೋ ಡಾಕ್ಟ್ರ ಹೆಸರು ಯಾರಿಗರ ಗೊತ್ತಿದ್ರ ಇಲ್ಲೇ ಹಾಕಬ್ಯಾಡ್ರಿ, ಮೆಸೇಜ್ ಮಾಡ್ರಿ.

ಮುಂಡರಗಿ ಕುರಿಗಾರ:
ದೊಡ್ಡಪ್ಪಾರು ಈಗ ಶಿಗ್ಗಾಂವಿ ದಾಟಿ ತಡಸ ಕಡೆ ಇಳದಾರಂತ, ಫೋನ್ ಮಾಡಿ ಕೇಳ್ದೆ. ಹಿಂಡಿನ ಜೋಡಿ ನಾಕು ನಾಯಿ ಅದಾವ. ಅವನ್ನೂ ಪಟ್ಟಿಯಾಗ ಬರಕೊಳ್ರಿ ಅಕ್ಕಾರ. ಎರಡು ಕಡೀತಾವ, ದೊಡ್ಡಪ್ಪ ಇದ್ದಾಗ ಹೋಗ್ರಿ.

ಶಿಗ್ಗಾಂವಿ ಪಶುಸಖಿ:
ಬರಕೊಂಡೆ. ತಡಸದಾಗ ಯಾರ ಹೊಲದಾಗ ಅದಾರ ಅಂತ ಮೆಸೇಜ್ ಮಾಡ್ರಿ, ನಾಳೆ ಮುಂಜಾನೆ ಹಿಂಡು ಏಳೋದ್ರಾಗ ಹೋಗಿ ಬರ್ತೇನಿ.